ರೋಗಿಗೆ ಹೇಳುವ ಮಾತು

ಒನೊಮಿಚಿ,
ಅಕ್ಟೋಬರ್ ೯

ಪ್ರೀತಿಯ ಅಮ್ಮಾ,

ನೀನು ಕಳಿಸಿದ ಪರ್ಸಿಮನ್ ಹಣ್ಣುಗಳು ತಲುಪಿದವು. ಎರಡು ಮಾತ್ರ ಒಡೆದಿದ್ದವು, ಅವನ್ನು ನಿಂತಲ್ಲೇ ತಿಂದು ಮುಗಿಸಿದೆ.

ನಿನ್ನ ಮೇಲೆ ಒಂದು ದೂರಿದೆ. ನನ್ನ ವಿಚ್ಛೇದನವಾಗಿ ನಾಲ್ಕು ವರ್ಷವಾಯಿತು. ಅಂದಿನಿಂದ ನಿನ್ನ ಪ್ರತಿ ಪತ್ರವೂ 'ಒದಾಯಿಜಿನಿ' ಅಂತಲೇ ಮುಗಿಯುತ್ತದೆ. ಬೇಗ ಗುಣವಾಗಲಿ ಅಂತ ಹಾಸಿಗೆ ಹಿಡಿದವರಿಗೆ ಹೇಳುವ ಮಾತಲ್ಲವೇನಮ್ಮಾ ಅದು? ಔಷಧಿ ಅಂಗಡಿಯಲ್ಲಿ ದಿನಕ್ಕೆ ನೂರು ಸಲ ನಾನೇ ಹೇಳುತ್ತೇನೆ. ನಿನ್ನ ಪತ್ರ ಓದಿದಾಗಲೆಲ್ಲ ಹಣೆ ಮುಟ್ಟಿ ನೋಡಿಕೊಳ್ಳುವ ಹಾಗಾಗುತ್ತಿತ್ತು.

ಅದೇ ಮಾತಿಗೆ ನನ್ನ ಮೇಲೂ ಒಬ್ಬರು ರೇಗಿದರು. ಹಮಾಗುಚಿ ಅಂತ, ಎದುರಿನ ದ್ವೀಪಕ್ಕೆ ಓಡಾಡುವ ಹಡಗಿನಲ್ಲಿ ಮೆಕ್ಯಾನಿಕ್. ಮಾರ್ಚ್‌ನಲ್ಲಿ ಬೆರಳು ಕುಯ್ದುಕೊಂಡು ಪಟ್ಟಿಗೆ ಬಂದವರು, ಆಮೇಲೆ ವಾರಕ್ಕೆರಡು ಸಲ ಕೆಮ್ಮಿನ ಗುಳಿಗೆ ಒಯ್ಯತೊಡಗಿದರು. ನಾನು ಎಲ್ಲರಿಗೂ ಹೇಳುವಂತೆ ಒದಾಯಿಜಿನಿ ಅನ್ನುತ್ತಿದ್ದೆ. ಜುಲೈನಲ್ಲಿ ಒಂದು ದಿನ, "ನಾನೇನು ರೋಗೀನೇನ್ರೀ? ಒಂದು ಸಲಾನಾದ್ರೂ ಕೆಮ್ಮಿದ್ದೀನಾ?" ಅಂದರು. "ಮತ್ತೆ ಇಷ್ಟೊಂದು ಗುಳಿಗೆ ಯಾರಿಗೆ?" ಅಂತ ಕೇಳಿದೆ. ಕಿವಿಯೆಲ್ಲ ಕೆಂಪಾಗಿ ಹೊರಟೇಬಿಟ್ಟರು. ಅಂಗಡಿಯ ಯಜಮಾನಿ ಹಿಸಾನೊ ಅಜ್ಜಿ, "ಅಯ್ಯೋ ಮಂಕೇ, ಅವನ ಕಾಯಿಲೆಗೆ ನಮ್ಮಲ್ಲಿ ಔಷಧಿ ಇಲ್ಲ ಕಣೇ!" ಅಂತ ಬಿದ್ದು ಬಿದ್ದು ನಕ್ಕರು.

ಹದಿನೈದು ದಿನ ಅವರ ಸುಳಿವಿಲ್ಲ. ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದೆ ಅಂತ ನಿನಗೆ ಮಾತ್ರ ಹೇಳುತ್ತೇನೆ.

ಚಂಡಮಾರುತ ಬಂದ ದಿನ ಮಧ್ಯಾಹ್ನ ತೊಯ್ದು ತೊಪ್ಪೆಯಾಗಿ ಬಂದರು. ಹಡಗನ್ನು ಬಿಗಿದು ಕಟ್ಟಲು ಹೋಗಬೇಕಂತೆ. ಏನೂ ಕೊಳ್ಳಲಿಲ್ಲ. ಆ ಗಾಳಿ ನೋಡಿ ನನ್ನ ಬಾಯಿಂದ 'ಕಿ ಒ ತ್ಸುಕೆತೆ' ಅಂತ ಬಂದುಬಿಟ್ಟಿತು. ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಟಾಗ ನೀನು ಹೊಸ್ತಿಲಲ್ಲಿ ನಿಂತು 'ಹುಷಾರು' ಅನ್ನುತ್ತಿದ್ದೆಯಲ್ಲ, ಥೇಟ್ ಹಾಗೆ. ಅವರು ನನ್ನನ್ನೇ ನೋಡಿ, ಮನೆಯಿಂದ ಹೊರಡುವವರು ಮನೆಯವರಿಗೆ ಹೇಳುವ ಹಾಗೆ, "ಹೋಗಿ ಬರ್ತೀನಿ" ಅಂದರು. ಗಿರಾಕಿ ಯಾರಾದರೂ ಹಾಗೆ ಹೇಳುತ್ತಾರೇನಮ್ಮಾ?

ಅಜ್ಜಿ ಬೇಗ ಬಾಗಿಲು ಹಾಕೆಂದರೂ ನಾನು ಹಾಕಲಿಲ್ಲ. ಐದೂವರೆಗೆ ಬಂದರು, ಒಂದು ಕಾಲಿನ ಬೂಟು ಸಮುದ್ರದ ಪಾಲಾಗಿತ್ತು. ನಗು ತಡೆಯಲಾಗದೆ ನಕ್ಕೆ, ನಗುತ್ತಲೇ ಅತ್ತೂಬಿಟ್ಟೆ.

ಭಾನುವಾರ ಇಬ್ಬರೂ ಬರುತ್ತೇವೆ. ಅನ್ನ ಜಾಸ್ತಿ ಇಡು. ಅವರು ಮಾತು ಕಡಿಮೆ, ಊಟ ಜೋರು.

ಗುಂಡುಕಲ್ಲಿನಂತಿರುವ ನಿನ್ನ ಮಗಳು,
ಮಿಹೊ

ತಾ.ಕ.: ಲಕೋಟೆಯ ಹಿಂದೆ ನನ್ನ ಹೆಸರಿನ ಜೊತೆ ಹಮಾಗುಚಿ ಅನ್ನುವ ಅಡ್ಡಹೆಸರು ನೋಡಿ ಬೇರೆ ಯಾರದೋ ಪತ್ರ ಅಂದುಕೊಂಡೆಯಾ? ಕಳೆದ ಮಂಗಳವಾರ ಪುರಸಭೆಗೆ ಹೋಗಿ ಮದುವೆ ನೋಂದಾಯಿಸಿ ಬಂದೆವು. ಮೊದಲೇ ಹೇಳಲು ಧೈರ್ಯ ಸಾಲಲಿಲ್ಲ. ಬೈಯುವುದಿದ್ದರೆ ಊಟವಾದ ಮೇಲೆ ಬೈ.