ನಿಂತೇ ಕೇಳಿದ ರೇಡಿಯೋ ಪಾಠ

ಮೂಡಬಿದ್ರೆ
೨೨–೧–೧೯೬೪, ಬುಧವಾರ

ನನ್ನ ಯಜಮಾನರೂ ವೇಣೂರಿನ ನಮ್ಮ ಶಾಲೆಯ ಹೆಡ್‌ಮಾಸ್ಟರರೂ ಆದ ತಮಗೆ ಸರಸಳ ನಮಸ್ಕಾರಗಳು.

ರೇಡಿಯೋ ಪಾಠದ ಈ ತರಬೇತಿಗೆ ಹೆಸರು ಕೊಟ್ಟೆನೆಂದು ನೀವು ನನ್ನೊಡನೆ ಮಾತು ಬಿಟ್ಟು ಇಂದಿಗೆ ಹದಿನಾರು ದಿನ. ಕಾಗದದಲ್ಲೂ ಮಾತು ಬೇಡವೆಂದು ನೀವು ಹೇಳಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಇಷ್ಟು ಖುಷಿಯನ್ನು ಇಲ್ಲಿ ಯಾರಿಗೆ ಹೇಳಲಿ? ನಾನು ಉಳಿದುಕೊಂಡಿರುವ ಮನೆಯ ದೊಡ್ಡಮ್ಮನಿಗೆ ರೇಡಿಯೋ ಎಂದರೆ ಪದ್ಯ ಹಾಡುವ ಪೆಟ್ಟಿಗೆ.

ಪೆಟ್ಟಿಗೆಯೇ ಪಾಠ ಮಾಡುವುದಾದರೆ ಮಾಸ್ಟ್ರು ಯಾಕೆ, ಅದು ನಮ್ಮ ಶಾಲೆಯ ಮೆಟ್ಟಿಲು ಹತ್ತಬಾರದು ಎಂದು ನೀವು ಅಂದದ್ದು ಮರೆತಿಲ್ಲ. ಶಾಲೆಗೆ ರೇಡಿಯೋ ಸಿಗಬೇಕಾದರೆ ತರಬೇತಿಯಲ್ಲಿ ನನ್ನ ಪಾಠ ಒಪ್ಪಿಗೆಯಾಗಬೇಕು, ಆಮೇಲೆ ಹೆಡ್‌ಮಾಸ್ಟರರೂ ಒಪ್ಪಬೇಕು. ಎರಡನೆಯದೇ ಕಷ್ಟದ್ದು.

ಸೋಮವಾರದ ಮೊದಲ ಪಾಠದ ಕಥೆ ಕೇಳಿದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಇಲ್ಲಿನ ನಾಲ್ಕನೇ ತರಗತಿಯ ಮಕ್ಕಳ ಎದುರು ಗುಂಡಿ ತಿರುಗಿಸಿದೆ. ರೇಡಿಯೋದವರು ಮಕ್ಕಳೇ ನಮಸ್ಕಾರ ಅಂದರು. ಮಕ್ಕಳೆಲ್ಲ ಎದ್ದು ಕೈಮುಗಿದರು. ಕೂತುಕೊಳ್ಳಿ ಎಂದು ರೇಡಿಯೋದವರು ಹೇಳಲೇ ಇಲ್ಲ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ನಾನೂ ಸುಮ್ಮನಾದೆ. ಇಪ್ಪತ್ತು ನಿಮಿಷ ಮಕ್ಕಳು ನಿಂತರು, ನಾನೂ ಕೈಕಟ್ಟಿ ನಿಂತೆ. ಕೊನೆಗೆ ಕೇಳಿದರೆ ಪಾಠ ಒಬ್ಬರ ತಲೆಗೂ ಹೋಗಿಲ್ಲ, ಕಾಲುನೋವು ಮಾತ್ರ ಎಲ್ಲರಿಗೂ. ನಮಗೆ ಕಲಿಸುವ ಅಬ್ದುಲ್ ಶುಕೂರ್ ಮಾಸ್ಟ್ರು ಗದರಲಿಲ್ಲ. ತರಗತಿಯಲ್ಲಿ ಟೀಚರ್ ಯಾರು ಎಂದಷ್ಟೇ ಕೇಳಿ, ಬುಧವಾರ ಇನ್ನೊಮ್ಮೆ ಮಾಡಲು ಹೇಳಿದರು. ನಾಚಿಕೆಯಿಂದ ಅಂದು ಊಟವೇ ಸೇರಲಿಲ್ಲ.

ಇವತ್ತಿನದು ಮಳೆ ಹೇಗೆ ಬರುತ್ತದೆ ಎಂಬ ಪಾಠ. ಮೊದಲೇ ಬೋರ್ಡಿನಲ್ಲಿ ಮೂರು ಪ್ರಶ್ನೆ ಬರೆದಿಟ್ಟೆ. ಅತ್ತ ನಮಸ್ಕಾರ ಕೇಳಿದ ಕೂಡಲೇ ಇತ್ತ ಕೂತುಕೊಳ್ಳಿ ಅಂದೆ. ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಅರ್ಧದಲ್ಲಿ ಗೊರಗೊರ ಶುರುವಾಯಿತು. ಹೇಗೆ ತಿರುಗಿಸಿದರೂ ಮಾತಿಲ್ಲ. ಹಿಂದೆ ಕೂತ ತರಬೇತಿಯ ಟೀಚರುಗಳೆಲ್ಲ ನನ್ನನ್ನೇ ನೋಡುತ್ತಿದ್ದಾರೆ. ಆಗ ನೀವು ಮಾಡುವ ಮಳೆಯ ಪಾಠ ನೆನಪಾಯಿತು. ಶಬ್ದ ತಗ್ಗಿಸಿ, ಮಕ್ಕಳಿಗೆ ಕೊಡುವ ಹಾಲಿನ ಪುಡಿ ಕದಡಲೆಂದು ಜಗಲಿಯಲ್ಲಿ ಕಾಯುತ್ತಿದ್ದ ನೀರಿನ ಪಾತ್ರೆಯ ಮುಚ್ಚಳ ತಂದು ಹನಿಗಳನ್ನು ತೋರಿಸಿದೆ. ಈ ನೀರು ಮುಚ್ಚಳಕ್ಕೆ ಹತ್ತಿದ್ದು ಹೇಗೆ ಎಂದು ಕೇಳಿದೆ. ಪೂವಮ್ಮ ಎಂಬ ಹುಡುಗಿ ಎದ್ದು, "ಆವಿ ಮೇಲೆ ಹೋಗಿ ತಣ್ಣಗಾಯಿತು ಟೀಚರ್" ಅಂದಳು. ಅಷ್ಟರಲ್ಲಿ ರೇಡಿಯೋಕ್ಕೆ ಜೀವ ಬಂತು. ಶಬ್ದ ಏರಿಸಿದರೆ ಅವರೂ ಅದನ್ನೇ ಹೇಳುತ್ತಿದ್ದಾರೆ! ನಮ್ಮ ಪೂವಮ್ಮ ಮೊದಲೇ ಹೇಳಿದಳೆಂದು ಮಕ್ಕಳು ಕುಣಿದವು. ನಾನು ಕುಣಿಯುವುದೊಂದು ಬಾಕಿ.

ಶುಕೂರ್ ಮಾಸ್ಟ್ರು ಎಲ್ಲರ ಎದುರು ಹೇಳಿದರು: "ಇವತ್ತು ರೇಡಿಯೋ ಟೀಚರ ಕೈಕೆಳಗೆ ಕೆಲಸ ಮಾಡಿತು. ಇಲ್ಲಿ ಕಲಿಯಲಿಕ್ಕೆ ಇರುವುದು ಇಷ್ಟೇ." ಪಾಠ ಒಪ್ಪಿಗೆಯಾಯಿತು. ಮುಚ್ಚಳದ ಉಪಾಯ ಯಾರದ್ದೆಂದು ಕೇಳಿದರು. ನಮ್ಮ ಹೆಡ್‌ಮಾಸ್ಟರ್ ಶೇಖರ ಮಾಸ್ಟ್ರದ್ದು ಎಂದೆ. ಗಂಡನ ಹೆಸರು ಹೇಳಿದೆನೆಂದು ಬೈಯಬೇಡಿ. ಅಂಥವರಿರುವ ಶಾಲೆಗೇ ಮೊದಲು ರೇಡಿಯೋ ಹೋಗಬೇಕು ಅಂದರು. ಆ ಹೆಡ್‌ಮಾಸ್ಟರರು ನನ್ನೊಡನೆ ಮಾತಾಡುತ್ತಿಲ್ಲವೆಂದು ಹೇಳಲು ಬಾಯಿ ಬರಲಿಲ್ಲ.

ಪೆಟ್ಟಿಗೆ ಬಾಯಿ ಮುಚ್ಚಿದಾಗ ನನ್ನ ಮಾನ ಉಳಿಸಿದ್ದು ನಿಮ್ಮ ಪಾಠ. ಮಾಸ್ಟ್ರು ಯಾಕೆ ಎಂದು ಕೇಳಿದಿರಲ್ಲ, ಅದಕ್ಕೇ. ತರಬೇತಿ ಮುಗಿಯಲು ಇನ್ನು ಹತ್ತು ದಿನ ಉಂಟು. ನೀರುದೋಸೆಗೆ ಅಕ್ಕಿ ನೆನೆಹಾಕಲು ಮರೆಯುತ್ತೀರೆಂದು ಗೊತ್ತು, ಹೊಟ್ಟೆ ಮಾತ್ರ ಖಾಲಿ ಬಿಡಬೇಡಿ.

ನಿಮ್ಮ
ಸರಸ

ತಾ.ಕ.: ರೇಡಿಯೋದ ಅರ್ಜಿ ಇದರೊಳಗೆ ಉಂಟು. ಹೆಡ್‌ಮಾಸ್ಟರರ ಸಹಿ ಬೇಕು. ನಿಜ ಹೇಳುತ್ತೇನೆ, ಮಧ್ಯಾಹ್ನ ನಿಮ್ಮ ಸಹಿಯನ್ನು ಸ್ಲೇಟಿನಲ್ಲಿ ಬರೆದು ನೋಡಿದೆ. ಏಳು ವರ್ಷ ಹಾಜರಿ ಪುಸ್ತಕದಲ್ಲಿ ಕಂಡ ಸಹಿ, ಹಾಗೆಯೇ ಬಂತು. ನಿಮಗೂ ಗುರುತು ಸಿಗುತ್ತಿರಲಿಲ್ಲ. ಆಮೇಲೆ ಸೆರಗಿನಿಂದ ಒರೆಸಿಬಿಟ್ಟೆ. ನೀವು ಒಪ್ಪದೆ ಆ ಪೆಟ್ಟಿಗೆ ನನಗೆ ಬೇಡ.