ಕುಂಕುಮ ಹಚ್ಚಿದ ಮೊಟ್ಟೆಗಳು

ಕಾಪು
೨-೨-೧೯೮೪

ನನ್ನ ಮಧ್ವರಾಜರಿಗೆ,

ಅತ್ತೆಯ ಎದುರು ನಿಮ್ಮ ಹೆಸರು ಹೇಳುವ ಹಾಗಿಲ್ಲ, ‘ಇವರು’ ಅನ್ನಬೇಕು. ಕಾಗದಕ್ಕೆ ಆ ಕಾನೂನು ಇಲ್ಲವಲ್ಲ! ಮಧ್ವರಾಜ, ಮಧ್ವರಾಜ, ಮಧ್ವರಾಜ. ಆಹಾ! ನನ್ನ ಕನ್ನಡಕ್ಕೆ ನಗಬೇಡಿ. ಮಣಿಪಾಲದಲ್ಲಿ ಇಂಗ್ಲಿಷ್ ಮೀಡಿಯಂ ಕಲಿತವಳು ಪ್ರೀತಿಯನ್ನು ಇಂಗ್ಲಿಷಿನಲ್ಲೂ ಬರೆಯಬಲ್ಲೆ. ಆದರೆ ಬರೆದರೆ ಅಂಗಡಿಯಿಂದ ತಂದ ಗ್ರೀಟಿಂಗ್ ಕಾರ್ಡಿನ ಹಾಗೆ ಕಾಣುತ್ತದೆ.

ಮೊದಲು ತಪ್ಪೊಪ್ಪಿಗೆ. ಟೆಲಿಗ್ರಾಂನಲ್ಲಿ ಜ್ವರ ಎಂದದ್ದು ಸುಳ್ಳು. ಮಂಗಳವಾರದ ಬೊಂಬಾಯಿ ಬಸ್ಸಿನ ಟಿಕೆಟನ್ನು ನಾನೇ ರದ್ದು ಮಾಡಿಸಿದೆ. ಮದುವೆಯಾಗಿ ಹನ್ನೊಂದೇ ದಿನ ನಿಮ್ಮ ಜೊತೆಗಿದ್ದು, ಎರಡು ತಿಂಗಳಿಂದ ನಿಮ್ಮ ನೀಲಿ ಷರ್ಟನ್ನು ಬಿಚ್ಚಿ ಮಡಚುವುದರಲ್ಲೇ ಕಳೆದವಳು, ನೀವು ಅಷ್ಟು ಅಲೆದು ಹುಡುಕಿದ ಕೋಣೆಗೆ ಬರಲಿಲ್ಲ. ಕಾರಣ, ಆಮೆಯ ಮೊಟ್ಟೆ!

ನೀವು ಹೋದ ಮೇಲೆ ಐದನೇ ತರಗತಿಗೆ ಅಳಿಯುತ್ತಿರುವ ಪ್ರಾಣಿಗಳ ಪಾಠ ಮಾಡಿದೆ. ಚಾರ್ಟಿನಲ್ಲಿ ಹುಲಿ, ಘೇಂಡಾಮೃಗ. ಕಮಲ ಎಂಬ ಹುಡುಗಿ ಎದ್ದು ನಿಂತು, “ಟೀಚರ್, ಅದೆಲ್ಲ ಇಲ್ಲಿ ಇಲ್ಲ. ನಮ್ಮಲ್ಲಿ ಕಡಲಾಮೆ ಉಂಟು. ಮೊಟ್ಟೆ ಇಟ್ಟರೆ ಜನ ಅಗೆದು ತಿಂತಾರೆ” ಎಂದಳು. ಮರುವಾರವೇ ಅವಳ ಅಜ್ಜ, ಬಲೆ ಬೀಸುವ ಕೂಸಪ್ಪಣ್ಣ, ಡಿಸೆಂಬರ್ ಹದಿಮೂರರಂದು ಆಮೆ ಮೊಟ್ಟೆಯಿಟ್ಟ ಜಾಗ ತೋರಿಸಿದರು. ನಾವು ಮುಳ್ಳಿನ ಬೇಲಿ ಕಟ್ಟಿ ಸರದಿಯಲ್ಲಿ ಕಾವಲು ಕೂತೆವು. ಮರಿ ಕಡಲು ಸೇರುವವರೆಗೆ ನಾನೂ ಇರುತ್ತೇನೆ ಎಂದು ಮಕ್ಕಳಿಗೆ ಮಾತು ಕೊಟ್ಟೆ.

ಇಲ್ಲಿ ಬಲೆಗೆ ಆಮೆ ಬಿದ್ದರೆ ಅದರ ಬೆನ್ನಿಗೆ ಕುಂಕುಮ ಹಚ್ಚಿ, ಕೈಮುಗಿದು ಕಡಲಿಗೆ ಬಿಡುತ್ತಾರೆ, ನಿಮಗೆ ಗೊತ್ತಲ್ಲ. ಮಕ್ಕಳಿಗೆ ಮೊಟ್ಟೆಗಳಿಗೂ ಹಾಗೆಯೇ ಮಾಡುವ ಆಸೆ ಹುಟ್ಟಿತು. ಒಂದು ವಾರ ಕಳೆದ ಮೇಲೆ ಮರಳು ಸರಿಸಿ, ಮೇಲಿನ ಮೊಟ್ಟೆಗಳನ್ನು ತೆಗೆದು, ಒಂದೊಂದಕ್ಕೂ ಕುಂಕುಮ ಇಟ್ಟು, ಆರತಿ ಎತ್ತಿ, ಮತ್ತೆ ಹೂತರು. ನಾನು ತಡೆಯಲಿಲ್ಲ. ಎಷ್ಟು ಚಂದ ಇತ್ತು ಗೊತ್ತಾ!

ಕೂಸಪ್ಪಣ್ಣ ಕೆಂಡವಾದರು. “ಎಂತ ಟೀಚರ್, ಕೋಳಿಮೊಟ್ಟೆ ಅಂತ ಗ್ರಹಿಸಿದಿರಾ? ಇದನ್ನು ಮಗುಚಿದರೆ ಒಳಗಿನ ಜೀವ ಹೋಗ್ತದೆ!” ನನಗೆ ಅಷ್ಟೇ. ಉಳಿದ ಬೈಗುಳವೆಲ್ಲ ಕಮಲಳಿಗೆ. ಅಂದಿನಿಂದ ಅವಳು ಬೇಲಿಯ ಹತ್ತಿರ ಬರುವುದಿಲ್ಲ, ತರಗತಿಯಲ್ಲಿ ಕೈ ಎತ್ತುವುದಿಲ್ಲ.

ಇಂದಿಗೆ ಐವತ್ತೊಂದು ದಿನ. ಮರಳು ಅಲುಗಿಲ್ಲ. ಸತ್ತಿರಬಹುದಾದ ಮೊಟ್ಟೆಗಳನ್ನು ಈ ಮಕ್ಕಳ ಪಾಲಿಗೆ ಬಿಟ್ಟು ನಾನು ಹೇಗೆ ಬಸ್ಸು ಹತ್ತಲಿ? ಸಂಜೆ ಬೇಲಿಯ ಬದಿ ಕೂತು ಬೊಂಬಾಯಿ ಯಾವ ದಿಕ್ಕು ಎಂದು ಅಂದಾಜು ಮಾಡುತ್ತೇನೆ. ಈಗ ಆಫೀಸು ಬಿಟ್ಟಿರಬಹುದು, ಈಗ ರೈಲಿನಲ್ಲಿ ನಿಂತಿರಬಹುದು, ಈಗ ಒಬ್ಬರೇ ಚಹಾ ಕಾಯಿಸುತ್ತಿರಬಹುದು. ನನಗೆಂದು ಎರಡನೇ ಲೋಟ ಕೊಂಡಿದ್ದೀರಾ? ಕೊಳ್ಳಿ, ದಯವಿಟ್ಟು.

ಸದ್ಯಕ್ಕೆ ಕಡಲ ಬದಿಯಲ್ಲಿದ್ದರೂ ಪೂರ್ತಿ ನಿಮ್ಮವಳೇ ಆದ,
ಸುಭಾಷಿಣಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಕಾಗದವನ್ನು ಎರಡು ದಿನ ಅಂಚೆಗೆ ಹಾಕಲಿಲ್ಲ. ಇವತ್ತು ಬೆಳಕು ಹರಿಯುವಾಗ ಮರಳು ಕುಸಿದು ಹದಿನೇಳು ಮರಿಗಳು ಎದ್ದು ಬಂದವು! ಎಲ್ಲ ಅಡಿಯ ಪದರದವು. ಅಲ್ಲಿಗೆ ನಮ್ಮ ಕೈ ಹೋಗಿರಲಿಲ್ಲ. ಕುಂಕುಮದ ಮೊಟ್ಟೆಗಳಲ್ಲಿ ಒಂದೂ ಒಡೆಯಲಿಲ್ಲ.

ಪೂಜೆ ಮಕ್ಕಳ ಆಸೆ ಎಂದು ಬರೆದೆನಲ್ಲ, ಅದೂ ಸುಳ್ಳು. ಕಮಲ “ಬೇಡ ಟೀಚರ್, ಅಜ್ಜ ಬೈತಾರೆ” ಎಂದಿದ್ದಳು. ಸ್ಟುಡಿಯೋದ ಜೋಕಿಮರನ್ನು ಕರೆಸಿ, ಕುಂಕುಮದ ಮೊಟ್ಟೆ ಹಿಡಿದ ಫೋಟೋ ತೆಗೆಸಿ ನಿಮಗೆ ಕಳಿಸಬೇಕೆಂದು ಹಟ ಹಿಡಿದವಳು ನಾನು. ಆ ಹುಡುಗಿ ನನ್ನ ಹೆಸರು ಹೇಳದೆ ಬೈಸಿಕೊಂಡಳು. ಇವತ್ತು ಎಲ್ಲರೆದುರು ಕೂಸಪ್ಪಣ್ಣನಿಗೆ ಹೇಳಿಬಿಟ್ಟೆ. ಅವರು ಕೊನೆಯ ಮರಿಯನ್ನು ನೀರಿನವರೆಗೆ ಕಾಯುವ ಕೆಲಸ ಕಮಲಳಿಗೆ ಕೊಟ್ಟರು.

ಫೋಟೋ ಕಳಿಸುವುದಿಲ್ಲ. ಬುಧವಾರದ ಬಸ್ಸಿಗೆ ಸೀಟು ಸಿಕ್ಕಿದೆ, ನಾನೇ ಬರುತ್ತೇನೆ.