ತಾಳ ತಪ್ಪಿದರೂ ಮಗುಚಿದ ಕಣ

ಫೆಬ್ರವರಿ 4, ಸಂಜೆ
ಇವತ್ತೂ ಅದೇ. ಹೀಲಿಯಂ ತುಂಬಿಸು, ತಣ್ಣಗಾಗುವವರೆಗೆ ಕಾಯಿ, ಮೈಕ್ರೋವೇವ್ ಬಿಡು, ಎಣಿಸು. ಕೋಬಾಲ್ಟ್ ಕಣ — ಬರಿಗಣ್ಣಿಗಿರಲಿ, ಕಾಲೇಜಿನ ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಚಿಕ್ಕದು. ಅದರ ಉತ್ತರ–ದಕ್ಷಿಣ ಮಗುಚಿದರೆ ಪರದೆಯ ಮೇಲೆ ಒಂದು ಗೆರೆ ಜಿಗಿಯುತ್ತದೆ. ನಾಲ್ಕು ವರ್ಷದಿಂದ ಆ ಗೆರೆಗೆ ಕಾವಲು. ಸೊಂಟ ಬಿದ್ದುಹೋಗಿದೆ.

ಲ್ಯಾಬಿನ ಮುಖ್ಯಸ್ಥರು, ನಮ್ಮ ಸರ್ ಮಾತ್ರ ಖುಷಿಯಲ್ಲಿದ್ದಾರೆ. ತಿಂಗಳ ಕೊನೆಗೆ ನಿವೃತ್ತಿ; ವಿಜ್ಞಾನ ಪತ್ರಿಕೆಗೆ ಪೇಪರ್ ಕಳಿಸಿಯಾಗಿದೆ. ಬಂದವರಿಗೆಲ್ಲ ಒಂದೇ ಮಾತು: "ಉಯ್ಯಾಲೆ ಇದ್ದ ಹಾಗೆ ಕಣ್ರೀ. ದೊಡ್ಡ ಅಯಸ್ಕಾಂತ ಯಾಕೆ? ಅದರ ತಾಳಕ್ಕೆ ಸರಿಯಾಗಿ ಮೈಕ್ರೋವೇವ್ ತಳ್ಳಿದ್ರೆ ತಾನೇ ಮಗುಚುತ್ತೆ."

ಫೆಬ್ರವರಿ 6
ಫ್ರೀಕ್ವೆನ್ಸಿ ತಪ್ಪಾಗಿ ಒತ್ತಿದೆ. ಕಣದ ತಾಳವಾದ ನಾಲ್ಕು ಗಿಗಾಹರ್ಟ್ಸ್ ಬದಲು ಆರು.
ಗೆರೆ ಜಿಗಿಯಿತು.
ಜಿಗಿಯಬಾರದಿತ್ತು.

ಫೆಬ್ರವರಿ 7
ಮೂರು ಸಲ ಮಾಡಿದೆ. ಆರಕ್ಕೂ ಮಗುಚುತ್ತದೆ, ಏಳಕ್ಕೂ. ಅಂದರೆ ತಾಳವೂ ಅಲ್ಲ, ಮಣ್ಣೂ ಅಲ್ಲ — ಬಿಸಿ. ಮೈಕ್ರೋವೇವ್ ಕಣವನ್ನು ಕಾಯಿಸುತ್ತಿದೆ, ಬಿಸಿಯಾಗಿ ಅದು ಪಟ್ಟು ಸಡಿಲಿಸುತ್ತಿದೆ. ಥರ್ಮಾಮೀಟರ್ ಇರುವುದು ದೂರದಲ್ಲಿ, ಅದಕ್ಕೇನು ಗೊತ್ತು...

ಒಂದು ಹಾಳೆಯಲ್ಲಿ ಬರೆದು ಸರ್‌ಗೆ ತೋರಿಸಿದೆ. ಹಾಳೆ ಎರಡು ಸಲ ಓದಿದರು. ಮಡಚಿ ಜೇಬಿಗಿಟ್ಟುಕೊಂಡರು.
"ಯಾರಿಗೂ ಹೇಳ್ಬೇಡಮ್ಮ. ಬೀಳ್ಕೊಡುಗೆ ಒಂದು ಮುಗೀಲಿ."
ನನ್ನ ಕಾಂಟ್ರಾಕ್ಟೂ ಅದೇ ಪೇಪರ್ ಮೇಲೆ ನಿಂತಿದೆ. ತಲೆಯಾಡಿಸಿದೆ.

ಫೆಬ್ರವರಿ 18
ಹನ್ನೊಂದು ದಿನ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ.

ಊಟಕ್ಕೆ ಕೂತಾಗ ಇವರಿಗೆ ಹೇಳಿಬಿಟ್ಟೆ. ಇವರದು ಕಟ್ಟುಹಲ್ಲು ಮಾಡುವ ಕೆಲಸ. ಉಗುರಲ್ಲಿ ಸದಾ ಒಸಡಿನ ಗುಲಾಬಿ ಬಣ್ಣದ ಪುಡಿ.
"ನಂಗೆ ನಿಮ್ಮ ಗಿಗಾ ಗಿಗಾ ಅರ್ಥ ಆಗಲ್ಲ," ಎಂದರು. "ಹಲ್ಲಿನ ಸೆಟ್ ಎಷ್ಟೇ ಚೆನ್ನಾಗಿ ಕಂಡ್ರೂ ಕೂರದಿದ್ರೆ ವಾಪಸ್ ಬಂದೇ ಬರುತ್ತೆ. ಅಷ್ಟು ದಿನ ಯಾರೋ ಪಾಪ ಒಸಡು ಗಾಯ ಮಾಡ್ಕೊಂಡಿರ್ತಾರೆ."
"ಕೆಲಸ ಹೋದ್ರೆ?"
"ನಿದ್ದೆ ಹೋಗಿ ಎಷ್ಟು ದಿನ ಆಯ್ತು, ಅದನ್ನ ಹೇಳು."

ಫೆಬ್ರವರಿ 19
"ಸರ್, ಪೇಪರ್ ತಪ್ಪು ಅಂತ ಪತ್ರಿಕೆಗೆ ನಾನೇ ಬರೀತೀನಿ."
ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.
"ಮೂವತ್ತೆರಡು ವರ್ಷ ಆಯ್ತಮ್ಮ ಈ ರೂಮಲ್ಲಿ. ಒಂದು, ಒಂದಾದ್ರೂ ನೆಟ್ಟಗೆ ಬಿಟ್ಟು ಹೋಗೋಣ ಅಂತಿತ್ತು."
"ಬೀಳ್ಕೊಡುಗೆವರೆಗೆ ತಡಿ" ಎಂದರು. ತಡೆಯುತ್ತೇನೆ ಎಂದೆ. ನಂತರ ಒಂದು ದಿನವೂ ಇಲ್ಲ.

ಫೆಬ್ರವರಿ 28
ಬೀಳ್ಕೊಡುಗೆಯಲ್ಲಿ ನಿರ್ದೇಶಕರು ಸರ್ ಸಾಧನೆಯನ್ನು ಹೊಗಳಿ ಅಟ್ಟಕ್ಕೇರಿಸಿದರು. ಚಪ್ಪಾಳೆ. ಹಾರ. ಸರ್ ಎದ್ದು, ಹಾರ ತೆಗೆದು ಕುರ್ಚಿಯ ಮೇಲಿಟ್ಟರು. ಜೇಬಿನಿಂದ ಹಾಳೆ ತೆಗೆದರು. ನನ್ನದೇ ಹಾಳೆ, ಮಡಿಕೆಯಲ್ಲಿ ಹರಿದಿತ್ತು.

"ಇದು ತಪ್ಪು. ಪತ್ರಿಕೆಗೆ ಬೆಳಿಗ್ಗೆಯೇ ಬರೆದು ಪೇಪರ್ ವಾಪಸ್ ತಗೊಂಡೆ. ಕಂಡುಹಿಡಿದವಳು ಇವಳು. ಮೂರು ವಾರ ಮುಚ್ಚಿಟ್ಟವನು ನಾನು."

ಕೇಕ್ ಹಾಗೇ ಉಳಿಯಿತು. ಮನೆಗೆ ಬಂದು ಚಪ್ಪಲಿ ಸಹ ಬಿಚ್ಚದೆ ಮಲಗಿದೆ.

ಮಾರ್ಚ್ 12
ಕಾಂಟ್ರಾಕ್ಟ್ ಮುಂದುವರಿಸಿದ್ದು ಮೂರು ತಿಂಗಳಷ್ಟೇ. "ಆಮೇಲೆ ನೋಡೋಣ" ಎಂದರು ಕಚೇರಿಯಲ್ಲಿ. ಅಂದರೆ ನೋಡುವುದಿಲ್ಲ.

ಹೊಸ ಉಪಾಯ: ಕಣಕ್ಕೆ ಬಿಸಿಯೇರಲು ಪುರುಸೊತ್ತು ಕೊಡದೆ ಒಂದೇ ಚಿಟಿಕೆ ಮೈಕ್ರೋವೇವ್. ತಾಳವೆಂಬುದು ನಿಜವಾಗಿದ್ದರೆ ಆಗ ಕಾಣಬೇಕು. ನಾಲ್ಕು ದಿನದಿಂದ ಸೊನ್ನೆ.

ಏಪ್ರಿಲ್ 9, ಮಧ್ಯಾಹ್ನ 1
ಮೂರು ಸಲ ಎಣಿಸಿದೆ. ಸರ್ ಮನೆಗೆ ಫೋನ್ ಮಾಡಿದೆ.
"ತಾಳದಲ್ಲಿ ತಳ್ಳಿದ್ರೆ ನೂರಕ್ಕೆ ಏಳು ಸಲ ಮಗುಚುತ್ತೆ, ಸರ್."
"ತಾಳ ತಪ್ಪಿದ್ರೆ?"
"ಸೊನ್ನೆ."
ಆ ಕಡೆ ಕುಕ್ಕರ್ ಕೂಗಿತು, ಯಾರೋ ಆರಿಸಿದರು.
"ಏಳು ಕಮ್ಮಿ," ಎಂದರು.
"ಕಮ್ಮಿನೇ, ಸರ್."
"ಏನೂ ಮುಟ್ಟಬೇಡ."

2.40
ಗೇಟಿನಿಂದ ಫೋನ್. ಪಾಸ್ ಇಲ್ಲದ ವಯಸ್ಸಾದವರೊಬ್ಬರು ಜಗಳ ಮಾಡುತ್ತಿದ್ದಾರಂತೆ, ಮೂವತ್ತೆರಡು ವರ್ಷ ಇಲ್ಲೇ ಇದ್ದೆ ಅಂತ... ಸಹಿ ಹಾಕಿ ಕರೆದುಕೊಂಡು ಬರಬೇಕು. ಓಡುತ್ತೇನೆ.